ಬಿರುಕು ಬಿಟ್ಟ ಕೀಸುಳಿ

ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುವುದು ನಮ್ಮ ಸಂತೆಗಳ ಹಳೆಯ ವಾಡಿಕೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಕ್ಕಿಬೀಳುತ್ತದೆ. ಗಟ್ಟಿ ಮಡಕೆ ಠಣ್ಣೆಂದು ನಾದ ಕೊಡುತ್ತದೆ. ಸೀಳು ಬಿಟ್ಟದ್ದು ಬೊದ್ದೆಂದು ಸುಮ್ಮನಾಗುತ್ತದೆ. ಎರಕದ ಕಬ್ಬಿಣಕ್ಕೂ ಈ ಪರೀಕ್ಷೆ ಸಲ್ಲುತ್ತದೆ. ಆದರೆ ಅಂತರ್ಜಾಲದ ಅಂಗಡಿಯಲ್ಲಿ ಹಳೆಯ ಸಾಮಾನು ಕೊಳ್ಳುವವರಿಗೆ ಈ ಅನುಕೂಲವಿಲ್ಲ. ಅಲ್ಲಿ ಚಿತ್ರವಿದೆ, ಬೆಲೆಯಿದೆ, ಮಾರುವವನ ಮಾತಿದೆ. ತಟ್ಟಿ ಕೇಳುವುದಕ್ಕೆ ವಸ್ತು ಮಾತ್ರ ಕೈಗೆಟುಕುವಂತಿಲ್ಲ.

ಇಂಥ ವ್ಯಾಪಾರದ ಮೊದಲ ಅಧ್ಯಾಯವೇ ವಿನೋದವಾಗಿದೆ. 1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪಿಯರ್ ಒಮಿದ್ಯಾರ್ ಎಂಬ ತಂತ್ರಜ್ಞನು ಅಂತರ್ಜಾಲದಲ್ಲಿ ಒಂದು ಹರಾಜುಕಟ್ಟೆಯನ್ನು ತೆರೆದನು. ಮುಂದೆ 'ಇಬೇ' ಎಂದು ಲೋಕಪ್ರಸಿದ್ಧವಾದದ್ದು ಇದೇ. ಅಲ್ಲಿ ಮೊಟ್ಟಮೊದಲು ಮಾರಾಟವಾದ ವಸ್ತು ಕೆಟ್ಟುಹೋದ ಒಂದು ಲೇಸರ್ ಸೂಚಕ. ಬಂದ ಬೆಲೆ 14 ಡಾಲರ್ 83 ಸೆಂಟು. ಕೊಂಡವನು ಅದು ಕೆಟ್ಟದ್ದೆಂದು ತಿಳಿದೇ ಕೊಂಡಿದ್ದನು. ಕೆಟ್ಟ ವಸ್ತುವಿಗೂ ಲೋಕದಲ್ಲಿ ಎಲ್ಲಿಯಾದರೂ ಒಬ್ಬ ಗಿರಾಕಿ ಇದ್ದೇ ಇರುತ್ತಾನೆಂಬುದು ಅಂದು ಸಿದ್ಧವಾಯಿತು. ಅಲ್ಲಿಂದ ಮುಂದೆ ಅಟ್ಟ ಉಗ್ರಾಣಗಳಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಅಜ್ಜಂದಿರ ಕಾಲದ ಉಪಕರಣಗಳೆಲ್ಲ ಬೆಳಕಿಗೆ ಬಂದವು. ಅವುಗಳಲ್ಲಿ ವಿಶೇಷವಾಗಿ ಕೈ ಬದಲಾಯಿಸುತ್ತಿರುವುದು ಬಡಗಿಯ ಕಬ್ಬಿಣದ ಕೀಸುಳಿ.

ಕೀಸುಳಿಯೆಂದರೆ ಉಜ್ಜುಗೊರಡು, ಗರಗಸದಿಂದ ಕೊಯ್ದ ಹಲಗೆಯ ಮೈಯನ್ನು ತೆಳುವಾದ ಸುರುಳಿ ಸುರುಳಿಯಾಗಿ ಕೀಸಿ ನಯಮಾಡುವ ಸಾಧನ. ಅಂಚೆಯಲ್ಲಿ ಬಂದ ಪೊಟ್ಟಣವನ್ನು ಬಿಚ್ಚಿದಾಗ ಅದರ ಪಕ್ಕದಲ್ಲಿ ಕೂದಲೆಳೆಯಂಥ ಗೆರೆಯೊಂದು ಕಂಡರೆ ಕೊಂಡವನ ಎದೆ ಧಸಕ್ಕೆನ್ನುತ್ತದೆ. ಅದು ಗೀರೋ, ಬಿರುಕೋ? ಬಿರುಕಾದರೆ ಬೆಸೆಯಬಹುದೋ, ಎಸೆಯಬೇಕೋ? ಬೆಸೆದರೆ ಅದು ಹಳೆಯ ವಸ್ತುವಾಗಿಯೇ ಉಳಿಯುತ್ತದೆಯೋ? ಇವು ಬಡಗಿಯ ಪ್ರಶ್ನೆಗಳಂತೆ ತೋರಿದರೂ ಇವಕ್ಕೆ ಉತ್ತರವಿರುವುದು ಚರಿತ್ರೆಯಲ್ಲಿ. ಒಂದು ವಸ್ತು ಹೇಗೆ ಹುಟ್ಟಿತೆಂಬುದನ್ನು ತಿಳಿಯದೆ ಅದು ಏಕೆ ಒಡೆಯಿತೆಂಬುದು ತಿಳಿಯುವುದಿಲ್ಲ. ಏಕೆ ಒಡೆಯಿತೆಂದು ತಿಳಿಯದೆ ಕೈಯಿಟ್ಟರೆ ದುರಸ್ತಿಯೇ ಎರಡನೆಯ ಪೆಟ್ಟಾಗುತ್ತದೆ.

ಕೀಸುಳಿ ಬಹು ಪುರಾತನವಾದದ್ದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೆ ನಗರದ ಅವಶೇಷಗಳಲ್ಲಿ ಕೀಸುಳಿಗಳು ದೊರೆತಿವೆ. ಇಂಗ್ಲೆಂಡಿನ ಸಿಲ್ಚೆಸ್ಟರಿನಲ್ಲಿ, ರೋಮನ್ನರ ಪಟ್ಟಣವಿದ್ದ ನೆಲದಲ್ಲಿ, ಕಬ್ಬಿಣದ ತಳವಿದ್ದ ಕೀಸುಳಿಯೊಂದು ಸಿಕ್ಕಿದೆ. ಆದರೆ ರೋಮನ್ನರ ತರುವಾಯ ಯೂರೋಪಿನಲ್ಲಿ ಬಹುಕಾಲ ನಡೆದದ್ದು ಮರದ ಕೀಸುಳಿಯೇ. ಬೀಚ್ ಮರದ ದಪ್ಪ ಕೊರಡು, ನಡುವೆ ಒಂದು ಬಾಯಿ, ಓರೆಯಾಗಿ ಕೂತ ಉಕ್ಕಿನ ಅಲಗು, ಅದನ್ನು ಬಿಗಿಹಿಡಿದ ಬೆಣೆ, ಇಷ್ಟೇ ಅದರ ಅಂಗಗಳು. ಅಲಗನ್ನು ಮುಂದಕ್ಕೆ ತರಬೇಕಾದರೆ ಸುತ್ತಿಗೆಯಿಂದ ಅದರ ತಲೆಗೆ ಮೆಲ್ಲಗೆ ಒಂದು ಪೆಟ್ಟು. ಹಿಂದಕ್ಕೆ ಸರಿಸಬೇಕಾದರೆ ಕೊರಡಿನ ಹಿಂಬದಿಗೆ ಇನ್ನೊಂದು ಪೆಟ್ಟು. ಬಾಯಿ ಸವೆದರೆ ಬಡಗಿ ತಾನೇ ಒಂದು ತುಂಡು ಮರವನ್ನು ಕೂರಿಸಿಕೊಳ್ಳುತ್ತಿದ್ದನು. ಕೊರಡೇ ಸೀಳಿಹೋದರೆ ಬೇರೊಂದನ್ನು ಕೆತ್ತಿಕೊಳ್ಳುತ್ತಿದ್ದನು. ಉಪಕರಣವನ್ನು ಮಾಡಿದ ವಿದ್ಯೆಯೂ ಅದನ್ನು ಬಳಸುವ ವಿದ್ಯೆಯೂ ಒಂದೇ ಕೈಯಲ್ಲಿ ಇದ್ದ ಕಾಲ ಅದು. ಕೀಸುಳಿಗೆ ಕಾಯಿಲೆ ಬಂದರೆ ಬಡಗಿಯೇ ವೈದ್ಯ.

ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಬದಲಾಯಿತು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಹಜ಼ರ್ಡ್ ನೋಲ್ಸ್ ಎಂಬಾತನು 1827ರಲ್ಲಿ ಎರಕದ ಕಬ್ಬಿಣದ ಮೈಯುಳ್ಳ ಕೀಸುಳಿಗೆ ಪೇಟೆಂಟು ಪಡೆದನು. ಅದು ವಿಶೇಷವಾಗಿ ಬಳಕೆಗೆ ಬರಲಿಲ್ಲ. ಕಬ್ಬಿಣದ ಕೀಸುಳಿಯನ್ನು ನಿಜವಾಗಿ ಬಡಗಿಯ ಕೈಗಿತ್ತವನು ಲಿಯೊನಾರ್ಡ್ ಬೈಲಿ. 1825ರಲ್ಲಿ ಹುಟ್ಟಿದ ಈತ ಬಾಸ್ಟನ್ ನಗರದಲ್ಲಿ ಉಪಕರಣಗಳನ್ನು ಮಾಡಿಕೊಂಡಿದ್ದವನು. 1850ರ ದಶಕದಿಂದ 1867ರವರೆಗೆ ಒಂದಾದ ಮೇಲೊಂದರಂತೆ ಪೇಟೆಂಟುಗಳನ್ನು ಪಡೆದು, ಸುತ್ತಿಗೆಯ ಹಂಗಿಲ್ಲದೆ ಅಲಗನ್ನು ಹೊಂದಿಸುವ ಉಪಾಯವನ್ನು ಅವನು ಕಂಡುಹಿಡಿದನು. ಅಲಗಿನ ಹಿಂದೆ ಹಿತ್ತಾಳೆಯ ಒಂದು ಚಕ್ರ. ಅದನ್ನು ತೋರುಬೆರಳಿನಿಂದ ತಿರುಗಿಸಿದರೆ ಕವಲೊಡೆದ ಒಂದು ಸನ್ನೆ ಅಲ್ಲಾಡಿ, ಅಲಗು ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಕೆಲಸವನ್ನು ನಿಲ್ಲಿಸದೆ, ಕೈಯನ್ನು ಹಿಡಿಯಿಂದ ತೆಗೆಯದೆ ಇದನ್ನು ಮಾಡಬಹುದು. ಅಲಗನ್ನು ಹೊತ್ತು ಓರೆಯಾಗಿ ಕೂರುವ ಎರಕದ ಪೀಠಕ್ಕೆ ಇಂಗ್ಲಿಷ್ ಬಡಗಿಗಳು 'ಕಪ್ಪೆ' ಎಂದು ಹೆಸರಿಟ್ಟರು.

1869ರಲ್ಲಿ ಕನೆಕ್ಟಿಕಟ್ಟಿನ ನ್ಯೂ ಬ್ರಿಟನ್ ಎಂಬ ಊರಿನ ಸ್ಟ್ಯಾನ್ಲಿ ರೂಲ್ ಅಂಡ್ ಲೆವೆಲ್ ಕಂಪೆನಿ ಬೈಲಿಯ ಹಕ್ಕುಗಳನ್ನು ಕೊಂಡುಕೊಂಡಿತು. ಅಳತೆಗೋಲು ಮತ್ತು ಮಟ್ಟಗೋಲುಗಳನ್ನು ಮಾಡುತ್ತಿದ್ದ ಈ ಕಂಪೆನಿ ಅಂದಿನಿಂದ ಕೀಸುಳಿಗಳ ಸಾಮ್ರಾಜ್ಯವನ್ನೇ ಕಟ್ಟಿತು. ಒಂದೊಂದು ಅಳತೆಗೆ ಒಂದೊಂದು ನಂಬರು. ನಯಗೊಳಿಸುವ 4ನೇ ನಂಬರಿನದು ಸುಮಾರು 9 ಅಂಗುಲ ಉದ್ದ. ಸರ್ವಕಾರ್ಯಕ್ಕೂ ಒದಗುವ 5ನೇ ನಂಬರಿನದು 14 ಅಂಗುಲ. ಉದ್ದ ಹಲಗೆಗಳ ಅಂಚನ್ನು ನೇರಮಾಡುವ 7ನೇ ನಂಬರಿನದು 22 ಅಂಗುಲ. ಅಲಗನ್ನು ಎಡಬಲಕ್ಕೆ ವಾಲಿಸುವ ಸಣ್ಣ ಸನ್ನೆಯೊಂದು 1880ರ ದಶಕದಲ್ಲಿ ಸೇರಿಕೊಂಡಿತು. ಅದರ ಪೇಟೆಂಟಿನ ತಾರೀಖು 1884ರ ಅಕ್ಟೋಬರ್ 21 ಎಂದು ಎಷ್ಟೋ ಕೀಸುಳಿಗಳ ಮೇಲೆ ಅಚ್ಚೊತ್ತಿರುವುದನ್ನು ಇಂದಿಗೂ ಓದಬಹುದು. ಪೇಟೆಂಟುಗಳ ಅವಧಿ ತೀರಿದ ಮೇಲೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 'ರೆಕಾರ್ಡ್' ಎಂಬ ಮುದ್ರೆಯ ಕೀಸುಳಿಗಳು 1931ರಿಂದ ಇದೇ ನಮೂನೆಯಲ್ಲಿ ಹೊರಬಂದವು. ನಮ್ಮ ದೇಶದ ಕಾರ್ಖಾನೆಗಳು ಮಾಡಿದ ಕಬ್ಬಿಣದ ಕೀಸುಳಿಗಳಲ್ಲಿಯೂ ಬೈಲಿಯ ಆ ಹಿತ್ತಾಳೆ ಚಕ್ರವೇ ಇದೆ.

ಇಷ್ಟೊಂದು ಕೀಸುಳಿಗಳು ಸುಲಭವಾದ ಬೆಲೆಗೆ ಸಿಕ್ಕುವಂತಾದದ್ದು ಹೇಗೆ? ಎರಕದಿಂದ. ಮರಳಿನ ಅಚ್ಚಿನಲ್ಲಿ ಕರಗಿದ ಕಬ್ಬಿಣವನ್ನು ಹೊಯ್ದರೆ ತಳ, ಪಕ್ಕಗಳು, ಹಿಡಿಯನ್ನು ನಿಲ್ಲಿಸುವ ಗುಬುಟು ಎಲ್ಲವೂ ಒಂದೇ ಸಲಕ್ಕೆ ಮೈತಳೆಯುತ್ತವೆ. ಸಾಣೆ ಹಿಡಿದರೆ ತಳ ಕನ್ನಡಿಯಂತೆ ಸಮನಾಗುತ್ತದೆ. ಮರದಂತೆ ಮಳೆಗಾಲಕ್ಕೆ ಉಬ್ಬುವುದಿಲ್ಲ, ಬೇಸಗೆಗೆ ಸೊಟ್ಟಗಾಗುವುದಿಲ್ಲ. ಅಲಗು ಗಂಟುಮರಕ್ಕೆ ತಾಗಿದಾಗ ಏಳುವ ನಡುಕವನ್ನು ಅದು ನುಂಗಿಕೊಳ್ಳುತ್ತದೆ. ಇಷ್ಟೆಲ್ಲ ಗುಣಗಳಿಗೆ ಒಂದೇ ದೋಷ: ಪೆಟ್ಟು ತಡೆಯದು.

ಕಾರಣವನ್ನು ಲೋಹದ ಒಳಗೆ ನೋಡಬೇಕು. ಎರಕದ ಕಬ್ಬಿಣದಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಇಂಗಾಲವಿದೆ. ಕರಗಿದ ಕಬ್ಬಿಣ ನಿಧಾನವಾಗಿ ತಣಿಯುವಾಗ ಈ ಇಂಗಾಲದಲ್ಲಿ ಹೆಚ್ಚಿನ ಪಾಲು ಗ್ರಾಫೈಟಾಗಿ, ಅಂದರೆ ನಾವು ಬರೆಯುವ ಸೀಸದ ಕಡ್ಡಿಯೊಳಗಿನ ವಸ್ತುವಾಗಿ, ತೆಳ್ಳನೆಯ ಹಾಳೆಗಳ ರೂಪದಲ್ಲಿ ಲೋಹದೊಳಗೆಲ್ಲ ಹರಡಿಕೊಳ್ಳುತ್ತದೆ. ಒತ್ತಿದರೆ ಈ ಹಾಳೆಗಳಿಂದ ಬಾಧೆಯಿಲ್ಲ. ಎಳೆದರೆ ಅಥವಾ ಬಗ್ಗಿಸಿದರೆ ಒಂದೊಂದು ಹಾಳೆಯ ಅಂಚೂ ಒಂದೊಂದು ಸಣ್ಣ ಬಿರುಕಿನ ಬಾಯಾಗುತ್ತದೆ. ಆದುದರಿಂದಲೇ ಎರಕದ ಕಬ್ಬಿಣ ಎಳೆತವನ್ನು ತಾಳುವುದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚಾಗಿ ಒತ್ತಡವನ್ನು ತಾಳಬಲ್ಲುದು. ಉಕ್ಕಿನ ಸಾಮಾನು ಮೇಜಿನಿಂದ ಬಿದ್ದರೆ ಬಗ್ಗುತ್ತದೆ. ಎರಕದ ಕಬ್ಬಿಣದ್ದು ಬಿದ್ದರೆ ಒಡೆಯುತ್ತದೆ.

ಒಡೆಯುವ ಜಾಗಗಳೂ ಹೆಚ್ಚು ಕಡಿಮೆ ಗೊತ್ತಾದವೇ. ಕೀಸುಳಿಯ ತಳದಲ್ಲಿ ಅಲಗು ಹೊರಗಿಣುಕುವ ಬಾಯಿ ಅಡ್ಡವಾಗಿ ಸೀಳಿದಂತೆ ಇರುತ್ತದೆ. ಅಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಸೇರಿಸುವುದು ಎರಡು ಪಕ್ಕದ ಗೋಡೆಗಳು ಮತ್ತು ಬಾಯಿಯ ಎರಡು ತುದಿಗಳಲ್ಲಿ ಉಳಿದ ಕಿರಿದಾದ ಪಟ್ಟಿಗಳು ಮಾತ್ರ. ಬಿದ್ದ ಪೆಟ್ಟೆಲ್ಲ ಅಲ್ಲಿಗೆ ಬಂದು ಸೇರುತ್ತದೆ. ಬಾಯಿಯ ಮೂಲೆಯಿಂದ ಪಕ್ಕದ ಗೋಡೆಗೆ ಏರುವ ಬಿರುಕು ಆದಕಾರಣ ಬಹಳ ಸಾಮಾನ್ಯ. ಸರಿಯಾಗಿ ಸುತ್ತದ ಪೊಟ್ಟಣದಲ್ಲಿ ಸಾವಿರಾರು ಮೈಲಿ ಬಂದ ಕೀಸುಳಿ, ಹೊರಟಾಗ ನೆಟ್ಟಗಿದ್ದು ಬಂದಾಗ ಒಡೆದಿರುವುದೂ ಉಂಟು.

ಈ ದೋಷ ತಯಾರಕರಿಗೆ ತಿಳಿಯದ್ದೇನೂ ಅಲ್ಲ. ಸ್ಕಾಟ್ಲೆಂಡಿನ ಏರ್ ಪಟ್ಟಣದ ಸ್ಟೂವರ್ಟ್ ಸ್ಪಿಯರ್ಸ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ, ಬಡಗಿ ಪೆಟ್ಟಿಗೆಯ ಮೂಲೆಯಲ್ಲಿ ಹಲಗೆಗಳನ್ನು ಹಲ್ಲುಹಲ್ಲಾಗಿ ಜೋಡಿಸುವಂತೆ, ಲೋಹದ ತಳವನ್ನೂ ಪಕ್ಕಗಳನ್ನೂ ಜೋಡಿಸಿ ಒಳಗೆ ಮರ ತುಂಬಿದ ಕೀಸುಳಿಗಳನ್ನು ಮಾಡುತ್ತಿದ್ದನು. ಅವು ಗಟ್ಟಿ, ಆದರೆ ಒಂದೊಂದಕ್ಕೂ ಕುಶಲಿಯ ಕೈಕೆಲಸ ಬೇಕಾದ್ದರಿಂದ ಬೆಲೆ ಹೆಚ್ಚು. ಸ್ಟ್ಯಾನ್ಲಿ ಕಂಪೆನಿ ಕೂಡ 1920ರ ದಶಕದಲ್ಲಿ, ಸಿಮೆಂಟಿನ ನೆಲವಿರುವ ಕಾರ್ಖಾನೆಗಳನ್ನೂ ಹುಡುಗರು ಕೆಲಸ ಕಲಿಯುವ ಶಾಲೆಗಳನ್ನೂ ಕಣ್ಣಿನಲ್ಲಿಟ್ಟುಕೊಂಡು, ಬಿದ್ದರೂ ಒಡೆಯದ ಉಕ್ಕಿನ ಕೀಸುಳಿಗಳನ್ನು ಹೊರತಂದಿತು. ಆದರೂ ಸಾಮಾನ್ಯ ಬಡಗಿ ಎರಕದ ಕೀಸುಳಿಯನ್ನೇ ಹಿಡಿದುಕೊಂಡನು. ಒಡೆಯಬಹುದೆಂಬ ಭಯ ಸುಲಭ ಬೆಲೆಗೆ ತೆತ್ತ ಸುಂಕ. ಬಿರುಕನ್ನು ತಯಾರಕನ ಅಲಕ್ಷ್ಯವೆಂದು ಬೈಯುವ ಮುನ್ನ ಇದನ್ನು ನೆನೆಯಬೇಕು: ಯಾವ ಗುಣದಿಂದ ಆ ಕೀಸುಳಿ ಬಡವನ ಪೆಟ್ಟಿಗೆಯನ್ನು ಸೇರಿತೋ ಅದೇ ಗುಣದಿಂದ ಅದು ಒಡೆಯಿತು.

ಎರಕದ ಕಬ್ಬಿಣಕ್ಕೆ ಬಾಗುವ ಬುದ್ಧಿ ಕಲಿಸಬೇಕೆಂದು ಮನುಷ್ಯ ಬಹುಕಾಲ ಶ್ರಮಪಟ್ಟಿದ್ದಾನೆ. ಫ್ರಾನ್ಸಿನ ವಿಜ್ಞಾನಿ ರೇಮ್ಯೂರ್, ಎರಕದ ಸಾಮಾನುಗಳನ್ನು ದಿನಗಟ್ಟಲೆ ಕಾಯಿಸಿ ಮೆತ್ತಗೆ ಮಾಡುವ ವಿಧಾನವನ್ನು 1722ರಲ್ಲಿ ಪ್ರಕಟಿಸಿದನು. ಅಮೆರಿಕದ ನ್ಯೂಜರ್ಸಿಯಲ್ಲಿ ಸೆತ್ ಬಾಯ್ಡನ್ ಎಂಬಾತ 1826ರಲ್ಲಿ ಬೇರೊಂದು ದಾರಿಯಿಂದ ಅದೇ ಫಲವನ್ನು ಪಡೆದನು. ಕೊನೆಗೆ 1943ರಲ್ಲಿ ಇಂಟರ್‌ನ್ಯಾಷನಲ್ ನಿಕಲ್ ಕಂಪೆನಿಯ ಕೀತ್ ಮಿಲ್ಲಿಸ್, ಕರಗಿದ ಕಬ್ಬಿಣಕ್ಕೆ ಸ್ವಲ್ಪ ಮೆಗ್ನೀಷಿಯಮ್ ಸೇರಿಸಿದರೆ ಗ್ರಾಫೈಟು ಹಾಳೆಗಳಾಗದೆ ಸಣ್ಣ ಸಣ್ಣ ಗುಂಡುಗಳಾಗುವುದನ್ನು ಕಂಡನು. ಗುಂಡಿಗೆ ಚೂಪಾದ ಅಂಚಿಲ್ಲ; ಆದುದರಿಂದ ಲೋಹ ಸುಲಭವಾಗಿ ಸೀಳುವುದಿಲ್ಲ. ಅಮೆರಿಕದ ಮೇನ್ ಸಂಸ್ಥಾನದಲ್ಲಿ 1981ರಲ್ಲಿ ಆರಂಭವಾದ ಲೀ-ನೀಲ್ಸನ್ ಕಾರ್ಖಾನೆಯಂಥ ಕಡೆ ಹಳೆಯ ನಮೂನೆಗಳನ್ನೇ ಅನುಸರಿಸಿ ಈ ಹೊಸ ಕಬ್ಬಿಣದಲ್ಲಿ ಕೀಸುಳಿ ಎರೆಯುತ್ತಾರೆ. ಆದರೆ 1943ಕ್ಕೆ ಮೊದಲು ನ್ಯೂ ಬ್ರಿಟನ್ನಿನಿಂದ ಹೊರಟ ಬೈಲಿ ಕೀಸುಳಿಗಳಿಗೆ ಈ ಭಾಗ್ಯವಿರಲಿಲ್ಲ. ಅವು ಒಡೆದರೆ ಬೆಸುಗೆಯೇ ಗತಿ.

ಬೆಸುಗೆಗೂ ಒಂದು ಚರಿತ್ರೆಯಿದೆ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದು ಒಂದುಮಾಡುವ ಹಳೆಯ ಬೆಸುಗೆ ಎರಕದ ಕಬ್ಬಿಣಕ್ಕೆ ಒಗ್ಗದು. ಬಡಿದರೆ ಅದು ಪುಡಿಯಾಗುತ್ತದೆ. ಆದುದರಿಂದ ಹಿಂದಿನವರು ಬಿರುಕಿನ ಮೇಲೆ ತಗಡಿನ ಪಟ್ಟಿಯೊಂದನ್ನು ಇಟ್ಟು ರಿವೆಟ್ಟು ಹೊಡೆಯುತ್ತಿದ್ದರು. ಇಲ್ಲವೆ ಬಿಳಿಗಾರ ಉದುರಿಸಿ ಹಿತ್ತಾಳೆಯನ್ನು ಕರಗಿಸಿ ಹರಿಯಬಿಡುತ್ತಿದ್ದರು. ಆಮ್ಲಜನಕವೂ ಅಸಿಟಿಲೀನ್ ಅನಿಲವೂ ಕೂಡಿ ಉರಿದರೆ ಮೂರು ಸಾವಿರ ಡಿಗ್ರಿ ಸೆಲ್ಸಿಯಸನ್ನು ಮೀರಿದ ಜ್ವಾಲೆ ಬರುತ್ತದೆಂದು ಫ್ರಾನ್ಸಿನ ಲ ಶಾಟೆಲಿಯೇ 1895ರಲ್ಲಿ ತೋರಿಸಿದನು. ಅದನ್ನು ಕೈಯಲ್ಲಿ ಹಿಡಿಯುವ ಬೆಸುಗೆದೀಪವಾಗಿ ಫೂಶೆ ಮತ್ತು ಪಿಕಾರ್ ಎಂಬಿಬ್ಬರು 1903ರಲ್ಲಿ ಸಿದ್ಧಮಾಡಿದರು. ಇಂದು ನಮ್ಮ ಯಾವ ಪಟ್ಟಣದ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲೂ ಕಾಣುವ ನೀಲಿ ನಾಲಗೆ ಅದೇ. ಹಳೆಯ ಕೀಸುಳಿಗಳ ಬೂದುಬಣ್ಣದ ಮೈಯಲ್ಲಿ ಹಳದಿ ಗೆರೆಯೊಂದು ಓಡಿರುವುದನ್ನು ಆಗಾಗ ಕಾಣುತ್ತೇವೆ. ಯಾವುದೋ ಊರಿನ ಯಾವುದೋ ಬಡಗಿ, ಹೊಸದನ್ನು ಕೊಳ್ಳಲಾರದೆ ಅಥವಾ ಕೈಗೆ ಹೊಂದಿದ ಹಳೆಯದನ್ನು ಬಿಡಲಾರದೆ, ಅದನ್ನು ಬೆಸೆಸಿಕೊಂಡು ಮತ್ತೆ ಹೊಟ್ಟೆಪಾಡು ನಡೆಸಿದ್ದಕ್ಕೆ ಆ ಗೆರೆ ಸಾಕ್ಷಿ.

ಇಂದು ಈ ಕೆಲಸಕ್ಕೆ ತೊಡಗುವವರು ಮೊದಲು ಬಿರುಕಿನ ತುದಿಯನ್ನು ಹುಡುಕಬೇಕು. ಇದಕ್ಕೆ ರೈಲ್ವೆ ಕಾರ್ಖಾನೆಗಳಲ್ಲಿ ಹಿಂದೆ ನಡೆಯುತ್ತಿದ್ದ ಉಪಾಯ ಈಗಲೂ ಸಾಕು. ಕೀಸುಳಿಯನ್ನು ತೆಳುವಾದ ಎಣ್ಣೆಯಲ್ಲಿ, ಸೀಮೆಎಣ್ಣೆಯಾದರೂ ಆದೀತು, ಕೆಲವು ಗಂಟೆ ನೆನೆಹಾಕಿ, ತೆಗೆದು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ನುಣ್ಣನೆಯ ಪುಡಿ ಬಳಿಯಬೇಕು. ಬಿರುಕಿನೊಳಗೆ ಅಡಗಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಬರಿಯ ಗೀರಾಗಿದ್ದರೆ ಗೆರೆ ಮೂಡದು. ಬಿರುಕು ಮುಗಿಯುವ ಕಡೆ ಸಣ್ಣದೊಂದು ತೂತು ಕೊರೆದರೆ ಅದು ಮುಂದಕ್ಕೆ ಓಡುವುದಿಲ್ಲ. ಚೂಪಾದ ತುದಿಯಲ್ಲಿ ಸೇರುತ್ತಿದ್ದ ಎಳೆತ ದುಂಡಗಿನ ತೂತಿನ ಸುತ್ತ ಹಂಚಿಹೋಗುತ್ತದೆ.

ಆಮೇಲೆ ಬಿರುಕಿನ ಉದ್ದಕ್ಕೂ ಅರದಿಂದ ಕಾಲುವೆ ತೋಡಬೇಕು. ಕರಗಿದ ಹಿತ್ತಾಳೆಗೆ ಕೂರಲು ಜಾಗ ಬೇಕು. ವೇಗವಾಗಿ ತಿರುಗುವ ಸಾಣೆಕಲ್ಲು ಗ್ರಾಫೈಟನ್ನು ಮೈಗೆಲ್ಲ ಸವರಿಬಿಡುವುದರಿಂದ ಹಿತ್ತಾಳೆ ಅಂಟಿಕೊಳ್ಳದು. ನೆನೆಸಿದ ಎಣ್ಣೆಯ ಜಿಡ್ಡನ್ನು ಚೂರೂ ಉಳಿಯದಂತೆ ತೆಗೆಯಬೇಕು. ಹಿತ್ತಾಳೆ ಕಡ್ಡಿ ಕರಗುವುದು ಸುಮಾರು 900 ಡಿಗ್ರಿ ಸೆಲ್ಸಿಯಸಿನಲ್ಲಿ; ಎರಕದ ಕಬ್ಬಿಣ ಕರಗುವುದು 1150 ಡಿಗ್ರಿ ದಾಟಿದ ಮೇಲೆ. ಈ ಅಂತರವೇ ದುರಸ್ತಿಗಾರನ ಬಂಡವಾಳ. ಕಬ್ಬಿಣವನ್ನು ಕರಗಿಸದೆ ಅದರ ಮೈಗೆ ಹಿತ್ತಾಳೆಯನ್ನು ಅಂಟಿಸಬಹುದು.

ಆದರೆ ಬೆಂಕಿಯನ್ನು ಬಿರುಕಿನ ಮೇಲಷ್ಟೇ ಹಿಡಿದರೆ ಕೆಲಸ ಕೆಟ್ಟಿತು. ಕಾದ ಭಾಗ ಹಿಗ್ಗುತ್ತದೆ, ತಣ್ಣಗಿನ ಭಾಗ ಬಿಡುವುದಿಲ್ಲ. ತಣಿಯುವಾಗ ಕುಗ್ಗಿ ಎಳೆಯುತ್ತದೆ. ಬಾಗಲಾರದ ಲೋಹ ಮತ್ತೊಂದು ಕಡೆ ಒಡೆಯುತ್ತದೆ. ಬೇಗ ತಣಿದರೆ ಇಂಗಾಲಕ್ಕೆ ಗ್ರಾಫೈಟಾಗಲು ಹೊತ್ತು ಸಿಗದೆ, ಬೆಸುಗೆಯ ಪಕ್ಕದ ಕಬ್ಬಿಣ ಗಾಜಿನಂತೆ ಗಡುಸಾಗಿ ಅರಕ್ಕೂ ಬಗ್ಗದಂತಾಗುತ್ತದೆ. ಆದುದರಿಂದ ಇಡೀ ಕೀಸುಳಿಯನ್ನು ಮೊದಲು ಒಂದೇ ಸಮನಾಗಿ ಕಾಯಿಸಿ, ಬೆಸೆದು, ಅನಂತರ ಬೂದಿ, ಒಣಸುಣ್ಣ ಅಥವಾ ಮರಳಿನಲ್ಲಿ ಹೂತಿಟ್ಟು ರಾತ್ರಿಯೆಲ್ಲ ತಣಿಯಬಿಡಬೇಕು. ಅಲಗನ್ನೂ ಕಪ್ಪೆಯನ್ನೂ ಮರದ ಹಿಡಿಯನ್ನೂ ಮೊದಲೇ ಬಿಚ್ಚಿಟ್ಟಿರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಎಷ್ಟು ಜೋಪಾನ ಮಾಡಿದರೂ ತಳ ಕೊಂಚ ಸೊಟ್ಟಗಾಗುವುದುಂಟು. ಸಮನಾದ ಗಾಜಿನ ಮೇಲೆ ಉಜ್ಜುಕಾಗದವನ್ನು ಅಂಟಿಸಿ ತಿಕ್ಕಿ ಅದನ್ನು ತಿದ್ದಿಕೊಳ್ಳಬೇಕು.

ಕಬ್ಬಿಣದ ಮಾತಾಯಿತು, ಮರದ ಮಾತೂ ಇದೆ. ಈ ಕೀಸುಳಿಗಳ ಹಿಡಿ ಮುರಿದಿರುವುದು ಬಿರುಕಿಗಿಂತಲೂ ಸಾಮಾನ್ಯ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಸ್ಟ್ಯಾನ್ಲಿ ಕಂಪೆನಿ ಹಿಡಿಗೆ ಬಳಸುತ್ತಿದ್ದದ್ದು ಬ್ರೆಜಿಲ್ ದೇಶದ ರೋಸ್‌ವುಡ್. ನಮ್ಮ ಮಲೆನಾಡಿನ ಬೀಟೆಯ ಹತ್ತಿರದ ದಾಯಾದಿ. ಯುದ್ಧಕಾಲದಲ್ಲಿ ಅದು ಹೋಗಿ ಬಣ್ಣ ಬಳಿದ ಬೇರೆ ಗಟ್ಟಿಮರ ಬಂತು. ಹಿತ್ತಾಳೆಯ ಚಕ್ರವೂ ಹೋಗಿ ಗಡುಸು ರಬ್ಬರಿನದು ಬಂತು. ಬ್ರೆಜಿಲಿನ ಆ ಮರವನ್ನು ಇಂದು ಹೊಸದಾಗಿ ತರುವಂತಿಲ್ಲ. 1992ರಲ್ಲಿ ಅದನ್ನು ಅಂತಾರಾಷ್ಟ್ರೀಯ ವ್ಯಾಪಾರ ನಿಷೇಧದ ಪಟ್ಟಿಗೆ ಸೇರಿಸಲಾಯಿತು. 2017ರಿಂದ ಬೀಟೆಯೂ ಸೇರಿ ಆ ಕುಲದ ಮರಗಳೆಲ್ಲ ನಿಯಂತ್ರಣಕ್ಕೆ ಒಳಪಟ್ಟವು. ಅದರಿಂದ ಮುರಿದ ಹಳೆಯ ಹಿಡಿಯ ಎರಡು ತುಂಡುಗಳೂ ಬೆಲೆಬಾಳತಕ್ಕವು. ಮುರಿದ ಮುಖಗಳು ಇನ್ನೂ ಶುಭ್ರವಾಗಿದ್ದರೆ ಸರೇಸೋ ಈಗಿನ ಅಂಟೋ ಹಚ್ಚಿ ಬಿಗಿದರೆ ಕೂಡಿಕೊಳ್ಳುತ್ತವೆ. ಹಿಡಿಯ ನಡುವೆ ಹಾಯುವ ಸಲಾಕೆ ಕಳೆದಿದ್ದರೆ ಮಾತ್ರ ಕಷ್ಟ. ಅದು 12ನೇ ನಂಬರಿನ ದಪ್ಪಕ್ಕೆ ಅಂಗುಲಕ್ಕೆ 20 ಸುತ್ತಿನದು. ಆ ದಪ್ಪಕ್ಕೆ ಪೇಟೆಯಲ್ಲಿ ವಾಡಿಕೆಯಾದದ್ದು 24 ಅಥವಾ 28. ಕಂಪೆನಿ ತನ್ನದೇ ಆದ ಅಳತೆಯನ್ನು ಇಟ್ಟುಕೊಂಡಿತ್ತು. ಆದುದರಿಂದ ಒಂದು ಕೀಸುಳಿಯನ್ನು ಉಳಿಸಲು ಮತ್ತೊಂದರಿಂದ ಅಂಗವನ್ನು ಕೀಳಬೇಕಾಗುತ್ತದೆ.

ಇಲ್ಲಿಯೇ ನಿಜವಾದ ತೊಡಕು ಹುಟ್ಟುತ್ತದೆ. ಅಮೆರಿಕದ ಸಂಗ್ರಾಹಕ ರೋಜರ್ ಸ್ಮಿತ್ 1981ರಲ್ಲಿ ಪ್ರಕಟಿಸಿದ ಗ್ರಂಥದ ದೆಸೆಯಿಂದ ಬೈಲಿ ಕೀಸುಳಿಗಳನ್ನು ಕಾಲಾನುಕ್ರಮವಾಗಿ ವಿಂಗಡಿಸಿ ನೋಡುವ ಪದ್ಧತಿ ಬೆಳೆದಿದೆ. ಸನ್ನೆಯ ಮೇಲಿನ ಅಕ್ಷರ, ಕಪ್ಪೆಯ ಅಡಿಯ ಆಕಾರ, ಚಕ್ರದ ಗಾತ್ರ, ಎರಕದಲ್ಲಿ ಮೂಡಿದ ತಾರೀಖು, ಇವನ್ನು ನೋಡಿ ಒಂದು ಕೀಸುಳಿ ಸುಮಾರು ಯಾವ ವರ್ಷಗಳದೆಂದು ಹೇಳಬಹುದು. ಕಾರ್ಖಾನೆ ಹಳೆಯ ಅಂಗಗಳು ಮುಗಿಯುವವರೆಗೆ ಹೊಸವುಗಳ ಜೊತೆಗೆ ಅವನ್ನೂ ಜೋಡಿಸುತ್ತಿದ್ದುದರಿಂದ ಮಿಶ್ರವಾದದ್ದೆಲ್ಲ ಖೋಟಾ ಅಲ್ಲ. ಆದರೂ ಮೂರು ಕೀಸುಳಿಗಳನ್ನು ಕಲಸಿ ಒಂದು ಮಾಡಿ, ಮೇಲೆ ಕಪ್ಪು ಬಣ್ಣ ಬಳಿದು, 'ಇದ್ದದ್ದು ಇದ್ದ ಹಾಗಿದೆ' ಎಂದು ಮಾರಿದರೆ ಅದು ಇಬ್ಬರಿಗೆ ದ್ರೋಹ. ಕೊಂಡವನು ಅದನ್ನು ನಂಬಿ ಕೆಲಸಕ್ಕೆ ಹಚ್ಚುತ್ತಾನೆ. ಬಣ್ಣದಡಿಯ ಬಿರುಕು ಒಂದು ದಿನ ಅವನ ಕೈಯಲ್ಲೇ ಬಾಯಿಬಿಡುತ್ತದೆ. ಚರಿತ್ರಕಾರನು ಅದನ್ನು ನಂಬಿ ತಪ್ಪು ಕಾಲವನ್ನು ಬರೆಯುತ್ತಾನೆ.

ಹಾಗಾದರೆ ಯಾವುದನ್ನು ದುರಸ್ತಿ ಮಾಡಬಹುದು, ಯಾವುದನ್ನು ಮಾಡಬಾರದು? ಸುಲಭವಾಗಿ ಸಿಕ್ಕುವ 4ನೇ ಅಥವಾ 5ನೇ ನಂಬರಿನ ಕೀಸುಳಿಯನ್ನು ಧಾರಾಳವಾಗಿ ಬೆಸೆಯಬಹುದು. ಅಂಥವು ಲೋಕದಲ್ಲಿ ಬೇಕಾದಷ್ಟಿವೆ, ಕೆಟ್ಟರೂ ಒಂದು ಪಾಠವಾದೀತು. ಪಕ್ಕದ ಗೋಡೆಯ ಬಿರುಕು ಬೆಸುಗೆಗೆ ಒಲಿಯುತ್ತದೆ. ಕಪ್ಪೆ ಕೂರುವ ಜಾಗದ ಅಡಿಯಲ್ಲೇ ತಳ ಒಡೆದಿದ್ದರೆ, ಬೆಸೆದರೂ ಅಲಗು ನಡುಗದಂತೆ ಕೂರುವುದು ಕಷ್ಟ. ಅದನ್ನು ಅಂಗದಾನಕ್ಕೆ ಬಿಡುವುದು ಲೇಸು. ಬೈಲಿ ಬಾಸ್ಟನ್ನಿನಲ್ಲಿದ್ದ ಕಾಲದ ವಿರಳವಾದ ಕೀಸುಳಿ ಒಡೆದು ಸಿಕ್ಕಿದರೆ ಬೆಂಕಿಯನ್ನು ಅದರ ಹತ್ತಿರ ಒಯ್ಯಬಾರದು. ಬೆಂಕಿಯಲ್ಲಿ ಅದರ ಮೂಲದ ಕಪ್ಪು ಲೇಪ, ಅಂದರೆ ಡಾಂಬರಿನಂಥ ಖನಿಜವನ್ನು ಅಗಸೆ ಎಣ್ಣೆಯಲ್ಲಿ ಬೆರೆಸಿ ಬೇಯಿಸಿದ್ದು, ಸುಟ್ಟುಹೋಗುತ್ತದೆ. ಅರದ ಕೆಳಗೆ ಎರಕದ ಮೂಲ ಗುರುತುಗಳು ಅಳಿಯುತ್ತವೆ. ಅದಕ್ಕೆ ಒರೆಸುವುದು, ಎಣ್ಣೆ ಹಚ್ಚುವುದು, ಒಣಗಿದ ಜಾಗದಲ್ಲಿಡುವುದು, ಇಷ್ಟೇ ಚಿಕಿತ್ಸೆ. ಕೆಲಸದ ವಸ್ತುವಿಗೆ ಕೆಲಸವೇ ಮರ್ಯಾದೆ. ಸಾಕ್ಷಿಯ ವಸ್ತುವಿಗೆ ಮುಟ್ಟದಿರುವುದೇ ಮರ್ಯಾದೆ.

ಬೆಸೆದ ಮೇಲೆ ಆ ಹಳದಿ ಗೆರೆಯನ್ನು ಮುಚ್ಚಬೇಕೆ? ಮುಚ್ಚಬಾರದೆಂದೇ ತೋರುತ್ತದೆ. ತಳವನ್ನು ಸಮಮಾಡುವಾಗ ಗೆರೆಯೂ ಕಬ್ಬಿಣದ ಮಟ್ಟಕ್ಕೆ ಬರಲಿ, ಅಲಗಿಗೂ ಹಲಗೆಗೂ ಅಡ್ಡಿಯಾಗದಿರಲಿ. ಕಣ್ಣಿಗೆ ಮಾತ್ರ ಕಾಣುತ್ತಿರಲಿ. ಮುಂದೆ ಅದು ಮತ್ತೊಬ್ಬರ ಕೈಗೆ ಹೋಗುವ ದಿನ ಬಂದರೆ, ಚಿತ್ರದಲ್ಲಿ ಆ ಗೆರೆಯೇ ಮೊದಲು ಕಾಣುವಂತೆ ತೋರಿಸಿ, ಎಲ್ಲಿ ಒಡೆದಿತ್ತು, ಹೇಗೆ ಬೆಸೆಯಿತು ಎಂಬುದನ್ನು ಎರಡು ಮಾತಿನಲ್ಲಿ ಬರೆಯಬೇಕು. ತಟ್ಟಿ ನೋಡಲಾಗದ ಸಂತೆಯಲ್ಲಿ ಕೊಳ್ಳುವವನ ಕಿವಿಯ ಕೆಲಸವನ್ನು ಮಾರುವವನ ನಾಲಗೆ ಮಾಡಬೇಕಾಗುತ್ತದೆ.

ನ್ಯೂ ಬ್ರಿಟನ್ನಿನ ಎರಕದ ಮನೆಯಲ್ಲಿ ಆ ಕೀಸುಳಿಯನ್ನು ಹೊಯ್ದವರ ಹೆಸರು ನಮಗೆ ಸಿಕ್ಕುವಂತಿಲ್ಲ; ಅದರಿಂದ ಬಾಗಿಲು ಕಿಟಕಿಗಳನ್ನು ಕೀಸಿದವರ ಹೆಸರೂ ಇಲ್ಲ. ಹಿಡಿಯ ಮೇಲೆ ಅವರ ಅಂಗೈ ತಿಕ್ಕಿದ ನುಣುಪಿದೆ, ಪಕ್ಕದಲ್ಲಿ ಕೈಜಾರಿ ಬಿದ್ದ ದಿನದ ಬಿರುಕಿದೆ. ಬೆಸೆದವನು ಅದಕ್ಕೆ ತನ್ನದೊಂದು ಗೆರೆಯನ್ನು ಸೇರಿಸುತ್ತಾನೆ. ಅಲಗನ್ನು ಸಾಣೆ ಹಿಡಿದು, ಚಕ್ರವನ್ನು ಒಂದೆಳೆ ತಿರುಗಿಸಿ, ಹಲಗೆಯ ಮೇಲೆ ತಳ್ಳಿದಾಗ ಬಾಯಿಯಿಂದ ಮರದ ಸುರುಳಿ ತಡೆಯಿಲ್ಲದೆ ಏಳುವುದಾದರೆ ದುರಸ್ತಿ ಸಾರ್ಥಕ.